'ವೈಯಕ್ತಿಕ ಕಾರಣ' ಎಂದು ಬರೆದು ಹೋದವರು: ಮೈ ಕೈಕೊಟ್ಟಾಗ 58ರವರೆಗೆ ಕಾಯೋದು ಹೇಗೆ?

ಗಾರ್ಮೆಂಟ್ಸ್ ಕೆಲಸ ಬಿಡುವವರು ಕೊಡುವ ರಾಜೀನಾಮೆ ಪತ್ರ ಸಾಮಾನ್ಯವಾಗಿ ಮೂರೇ ಸಾಲಿನದು. ಎಷ್ಟೋ ಸಲ ಅದನ್ನು ಬರೆಯುವವರು ಕಾರ್ಮಿಕರಲ್ಲ. ಎಚ್‌ಆರ್ ಮೇಜಿನ ಮೇಲೆ ಮಾದರಿ ಇರುತ್ತೆ, ಹೆಸರು, ಟೋಕನ್ ನಂಬರ್ ತುಂಬಿ ಸಹಿ ಹಾಕಿದರೆ ಮುಗಿಯಿತು. ಕಾರಣ ಅನ್ನುವ ಜಾಗದಲ್ಲಿ 'ವೈಯಕ್ತಿಕ' ಅಂತಿರುತ್ತೆ. ಆ ಒಂದು ಪದದ ಹಿಂದೆ ಏನಿತ್ತು? ಸೊಂಟ ನೋವಾ, ಗರ್ಭಕೋಶದ ಆಪರೇಷನ್ನಾ, ಸೂಜಿಗೆ ದಾರ ಪೋಣಿಸಲಾಗದಷ್ಟು ಮಂಜಾದ ಕಣ್ಣಾ? ಪತ್ರ ಅದನ್ನು ಹೇಳಲ್ಲ. ಆದರೆ ಆಮೇಲೆ ಸಿಗುವ ದುಡ್ಡು, ಔಷಧಿ, ಪಿಂಚಣಿ ಬಹುಮಟ್ಟಿಗೆ ನಿಂತಿರುವುದು ಆ ಪದದ ಮೇಲೇ.

ವಯಸ್ಸಿಗೆ ಮುಂಚೆ ನಿವೃತ್ತಿ ಎಂದ ಕೂಡಲೇ ನಮ್ಮ ತಲೆಮಾರಿಗೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತೆ. ಐಟಿಯಲ್ಲಿ ಹದಿನೈದು ವರ್ಷ ದುಡಿದು, ಮ್ಯೂಚುವಲ್ ಫಂಡ್ ಕೂಡಿಸಿ, 45ಕ್ಕೆ ಸಕಲೇಶಪುರದಲ್ಲಿ ತೋಟ ಮಾಡುವವರ ಯೂಟ್ಯೂಬ್ ವಿಡಿಯೋ. ಅದೂ ಅವಧಿಪೂರ್ವ ನಿವೃತ್ತಿಯೇ, ಇಲ್ಲ ಅನ್ನಲ್ಲ. ಈ ಬರಹ ಇನ್ನೊಂದು ಬಗೆಯವರ ಕುರಿತು. ಅವರು ಕೆಲಸ ಬಿಡಲು ನಿರ್ಧರಿಸುವ ಮುಂಚೆಯೇ ಅವರ ದೇಹ ನಿರ್ಧಾರ ಮಾಡಿರುತ್ತೆ.

ನಿರ್ಧಾರ ಅನ್ನೋದು ಎಲ್ಲಿ ಆಗುತ್ತೆ?

ಜನ ಯಾವಾಗ, ಯಾಕೆ ಕೆಲಸ ಬಿಡುತ್ತಾರೆ ಎಂಬುದನ್ನು ಅಮೆರಿಕದಲ್ಲಿ 1992ರಿಂದ, ಯೂರೋಪಿನಲ್ಲಿ 2004ರಿಂದ ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಲಾಗುತ್ತಿದೆ. ಭಾರತದಲ್ಲಿ 'ಲಾಸಿ' ಎಂಬ ಸಮೀಕ್ಷೆ 2017–18ರಲ್ಲಿ 45 ದಾಟಿದ 70 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಈ ಬಗೆಯ ಅಧ್ಯಯನಗಳಲ್ಲಿ ದೇಶ ಯಾವುದಾದರೂ ಎರಡು ಸಂಗತಿ ಮತ್ತೆ ಮತ್ತೆ ಕಾಣುತ್ತವೆ. ಆರೋಗ್ಯ ಕೆಟ್ಟವರು ಬೇಗ ಕೆಲಸ ಬಿಡುತ್ತಾರೆ ಎಂಬುದು ಮೊದಲನೆಯದು. ಇದಕ್ಕೆ ಸಂಶೋಧನೆ ಬೇಕಿರಲಿಲ್ಲ ಬಿಡಿ. ಎರಡನೆಯದು ಮುಖ್ಯ: ಒಂದೇ ಕಾಯಿಲೆ ಎಲ್ಲರನ್ನೂ ಒಂದೇ ಥರ ಹೊರದಬ್ಬುವುದಿಲ್ಲ. ಮಂಡಿ ಸವೆದ ಪ್ರೊಫೆಸರ್ ಕುರ್ಚಿಯಲ್ಲಿ ಕೂತು ಪಾಠ ಮಾಡಬಹುದು. ಮಂಡಿ ಸವೆದ ಪೌರಕಾರ್ಮಿಕರಿಗೆ ಆ ಕುರ್ಚಿ ಇಲ್ಲ. ಕೆಲಸದ ಮೇಲೆ, ವೇಗದ ಮೇಲೆ, ಬಿಡುವಿನ ಮೇಲೆ ಯಾರಿಗೆ ಹಿಡಿತ ಇದೆಯೋ ಅವರು ಕಾಯಿಲೆ ಇಟ್ಟುಕೊಂಡೇ ದುಡಿಯುತ್ತಾರೆ. ಇಲ್ಲದವರು ಹೊರಗೆ.

ಪಾಶ್ಚಾತ್ಯ ಸಂಶೋಧಕರಿಗೆ ಒಂದು ಅನುಮಾನವೂ ಇದೆ. ಕೆಲಸ ಬಿಟ್ಟವರು ಅದನ್ನು ಸಮರ್ಥಿಸಿಕೊಳ್ಳಲು 'ಆರೋಗ್ಯ ಸರಿ ಇಲ್ಲ' ಅಂತ ಹೆಚ್ಚು ಹೇಳಬಹುದು, ಹಾಗಾಗಿ ಅವರ ಮಾತನ್ನು ಪೂರ್ತಿ ನಂಬುವಂತಿಲ್ಲ ಅಂತ. ಪಿಂಚಣಿ ಗಟ್ಟಿಯಾಗಿರುವ ದೇಶದಲ್ಲಿ ಇದು ನ್ಯಾಯವಾದ ಅನುಮಾನವೇ. ನಮ್ಮಲ್ಲಿ ನಡೆಯುವುದು ಉಲ್ಟಾ. ಬಿಪಿ ಇದೆ ಅಂದರೆ ಸೂಪರ್‌ವೈಸರ್ ಲೈನಿನಿಂದ ತೆಗೆದಾರು ಎಂಬ ಭಯಕ್ಕೆ ಮುಚ್ಚಿಡುತ್ತಾರೆ. ಶುಗರ್ ಇದೆ ಅಂದರೆ ರಾತ್ರಿ ಪಾಳಿ ಭತ್ಯೆ ಹೋದೀತು ಅಂತ ಮುಚ್ಚಿಡುತ್ತಾರೆ. ಹೀಗೆ ಐದಾರು ವರ್ಷ ಮುಚ್ಚಿಟ್ಟ ಕಾಯಿಲೆ ಒಂದು ದಿನ ಆಸ್ಪತ್ರೆಗೆ ಸೇರಿಸಿದಾಗ ಮಾತ್ರ ಲೆಕ್ಕಕ್ಕೆ ಬರುತ್ತೆ. ಹೊರಗಿನವರಿಗೆ ಅದು 'ದಿಢೀರ್' ರಾಜೀನಾಮೆ.

2024ರ ನವೆಂಬರ್‌ನ ಆ ಸಿಸಿಟಿವಿ ವಿಡಿಯೋ ನೆನಪಿರಬೇಕು. ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಸ್ಟೇರಿಂಗ್ ಹಿಡಿದಿದ್ದಾಗಲೇ ಹೃದಯಾಘಾತದಿಂದ ಕುಸಿದರು, ಕಂಡಕ್ಟರ್ ನುಗ್ಗಿ ಬಂದು ಬಸ್ ನಿಲ್ಲಿಸಿದರು. ಚಾಲಕ ಉಳಿಯಲಿಲ್ಲ. ಎಲ್ಲರೂ ಕಂಡಕ್ಟರ್ ಸಮಯಪ್ರಜ್ಞೆಯನ್ನು ಹೊಗಳಿದೆವು, ಹೊಗಳಲೇಬೇಕು. ಆದರೆ ಅಂಥ ಸೀಟಿನಲ್ಲಿ ಎದೆನೋವು, ಸುಸ್ತು ನುಂಗಿಕೊಂಡು ಕೂತಿರುವವರು ಇನ್ನೆಷ್ಟು ಜನ ಎಂಬ ಪ್ರಶ್ನೆ ಮಾತ್ರ ವಿಡಿಯೋ ಜೊತೆ ವೈರಲ್ ಆಗಲಿಲ್ಲ.

ಎರಡು ಸೀಟು

ಹೊಲಿಗೆ ಯಂತ್ರದ ಮುಂದಿನ ಸೀಟನ್ನೇ ನೋಡಿ. ಬೆನ್ನಿಗೆ ಆಸರೆ ಇಲ್ಲದ ಸ್ಟೂಲು, ಬಾಗಿದ ಕುತ್ತಿಗೆ, ಪೆಡಲ್ ಮೇಲೆ ಒಂದೇ ಕಾಲು, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಟಾಯ್ಲೆಟ್‌ಗೆ ಹೋದರೆ ಪೀಸ್ ಕಡಿಮೆ ಆಗುತ್ತೆ ಅಂತ ನೀರನ್ನೇ ಕುಡಿಯದೆ ಇರುವುದು, ಅದರಿಂದ ಮೂತ್ರದ ಸೋಂಕು. ಮೇಲಿಂದ ರಕ್ತಹೀನತೆ, ಬಟ್ಟೆಯ ಧೂಳು. ಈ ಸೀಟಿನಲ್ಲಿ ಕೂರುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಮನೆಗೆ ಹೋದ ಮೇಲೂ ಅವರ ಸೊಂಟಕ್ಕೆ ರಜೆ ಇಲ್ಲ. ಇಪ್ಪತ್ತರಲ್ಲಿ ಸೇರಿದವರು ನಲವತ್ತೈದಕ್ಕೆ ಆ ವೇಗ ಹಿಡಿಯಲಾರರು. ಕೂದಲು ನೆರೆತವರು ಲೈನಿನಲ್ಲಿ ಅಪರೂಪ ಆಗಿರುವುದು ಇದಕ್ಕೇ. ಯಾರೂ ಅವರನ್ನು 'ತೆಗೆಯಲ್ಲ'. ಟಾರ್ಗೆಟ್ ಮುಟ್ಟಿಲ್ಲ ಅಂತ ಎಲ್ಲರೆದುರು ದಿನಾ ಬೈಸಿಕೊಂಡರೆ ಸಾಕು, ಅವರೇ ಹೋಗುತ್ತಾರೆ.

ಬಸ್ ಚಾಲಕನ ಸೀಟಿನ ಕತೆ ಬೇರೆ, ಕೊನೆ ಅದೇ. ಇಂಜಿನ್ ಕಂಪನ ದಿನವಿಡೀ ಬೆನ್ನುಮೂಳೆಗೆ ಹತ್ತುತ್ತೆ. ಊಟಕ್ಕೆ ಹೊತ್ತಿಲ್ಲ, ಗೊತ್ತಿಲ್ಲ, ಜೊತೆಗೆ ಟ್ರಾಫಿಕ್. ಸಕ್ಕರೆ ಕಾಯಿಲೆ ಬಂದು ಕಣ್ಣಿಗೆ ಇಳಿದರೆ ಅಲ್ಲಿಗೆ ಆ ಕೆಲಸ ಮುಗಿದಂತೆ. ದೃಷ್ಟಿ ಪರೀಕ್ಷೆಯಲ್ಲಿ 'ಅನ್‌ಫಿಟ್' ಬಂದವರ ಬಳಿ ವಾದ ಮಾಡಲು ಏನೂ ಉಳಿಯಲ್ಲ.

2016ರ ಏಪ್ರಿಲ್ ಹೇಳಿದ್ದು

ದೇಹದ ವಯಸ್ಸಿಗೂ ಕಾನೂನಿನ ವಯಸ್ಸಿಗೂ ಇರುವ ಅಂತರ ಬೆಂಗಳೂರಿನ ಬೀದಿಯಲ್ಲೇ ಒಮ್ಮೆ ಸ್ಫೋಟಿಸಿತ್ತು. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತು: ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ತುಂಬುವವರೆಗೆ ಮುಟ್ಟುವಂತಿಲ್ಲ. ಏಪ್ರಿಲ್ 18ರಂದು ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಫ್ಯಾಕ್ಟರಿ ಬಿಟ್ಟು ರಸ್ತೆಗಿಳಿದರು. ಮರುದಿನ ಅದು ನಗರದ ಬೇರೆ ಕಡೆಗೂ ಹಬ್ಬಿತು. ಲಾಠಿ, ಅಶ್ರುವಾಯು, ಬೆಂಕಿ ಎಲ್ಲ ಆಯಿತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಯ ಹೊತ್ತಿಗೆ ಕೇಂದ್ರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು.

'ಮುಂದಾಲೋಚನೆ ಇಲ್ಲದ ಜನ, ಉಳಿತಾಯದ ಬೆಲೆ ಗೊತ್ತಿಲ್ಲ' ಎಂದು ಆಗ ಟಿವಿ ಸ್ಟುಡಿಯೋಗಳಲ್ಲಿ ಕೂತು ಮಾತಾಡಿದವರಿದ್ದರು. ನನಗನ್ನಿಸುವುದು, ಆ ಹೆಣ್ಣುಮಕ್ಕಳ ಲೆಕ್ಕ ಸರ್ಕಾರದ ಲೆಕ್ಕಕ್ಕಿಂತ ನಿಖರವಾಗಿತ್ತು. 45ಕ್ಕೆ ಮೈ ನಿಲ್ಲುತ್ತೆ ಎಂಬುದು ಗೊತ್ತಿರುವವರಿಗೆ 58 ಅನ್ನುವುದು ಉಳಿತಾಯದ ಗುರಿಯಲ್ಲ, ಬೀಗ.

ಬೀಗದ ಮಾತು ಅಲ್ಲಿಗೇ ಮುಗಿದಿಲ್ಲ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ ಇನ್ನೊಂದು ತೀರ್ಮಾನ ತೆಗೆದುಕೊಂಡಿತು. ಖಾತೆಯ 75% ಸುಲಭವಾಗಿ ತೆಗೆಯಬಹುದು, ಉಳಿದ 25% ಖಾತೆಯಲ್ಲೇ ಇರಬೇಕು. ಕೆಲಸ ಬಿಟ್ಟವರ ಪೂರ್ತಿ ಇತ್ಯರ್ಥಕ್ಕೆ 2 ತಿಂಗಳ ಬದಲು 12 ತಿಂಗಳು ಕಾಯಬೇಕು. ಪಿಂಚಣಿ ಭಾಗದ ಹಣಕ್ಕೆ 2 ತಿಂಗಳ ಬದಲು 36 ತಿಂಗಳು. ಕಾಯಂ ಅಂಗವೈಕಲ್ಯ, ದುಡಿಯಲಾಗದ ಸ್ಥಿತಿ, ಸ್ವಯಂ ನಿವೃತ್ತಿ ಇಂಥವಕ್ಕೆ ವಿನಾಯಿತಿ ಉಂಟು. ಆದರೆ 'ವೈಯಕ್ತಿಕ ಕಾರಣ' ಎಂದು ಬರೆದುಕೊಟ್ಟು ಬಂದವರು ತಮ್ಮದು ದುಡಿಯಲಾಗದ ಸ್ಥಿತಿ ಎಂದು ಆಮೇಲೆ ಸಾಬೀತು ಮಾಡೋದು ಹೇಗೆ?

ಒಂದೇ ಸೊಂಟ, ನಾಲ್ಕು ಕಾನೂನು

ಒಂದು ಲೆಕ್ಕ ಹಾಕೋಣ. 48 ವಯಸ್ಸಿನ ಒಬ್ಬ ಟೈಲರ್. 14 ವರ್ಷ ಸರ್ವಿಸ್, ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 12,000 ರೂಪಾಯಿ. ಸೊಂಟ ನೋವಿಂದ ಕೂರಲಾಗುತ್ತಿಲ್ಲ.

ಮೊದಲು ಇಎಸ್‌ಐ. 21,000ದವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಸಂಬಳದ 0.75% ಕಾರ್ಮಿಕರಿಂದ, 3.25% ಮಾಲೀಕರಿಂದ. ಸಾಮಾನ್ಯ ಕಾಯಿಲೆ ಎಂದಾದರೆ ವರ್ಷಕ್ಕೆ 91 ದಿನ, ಸಂಬಳದ 70%. ಕೆಲಸದಿಂದಲೇ ಆದ ಗಾಯ ಅಥವಾ ಔದ್ಯೋಗಿಕ ಕಾಯಿಲೆ ಎಂದಾದರೆ 90%, ಅದೂ ವಾಸಿಯಾಗುವವರೆಗೆ. ಎರಡರ ನಡುವೆ ಅಜಗಜಾಂತರ. ಯಾವುದು ಔದ್ಯೋಗಿಕ ಕಾಯಿಲೆ ಎಂಬುದಕ್ಕೆ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಅದರಲ್ಲಿದೆ, ದಶಕಗಟ್ಟಲೆ ಬಾಗಿ ಹೊಲಿದು ಬರುವ ಸೊಂಟ ನೋವು, ಕುತ್ತಿಗೆ ನೋವು ಇಲ್ಲ. ಅಂದರೆ ಕಾನೂನಿನ ಕಣ್ಣಲ್ಲಿ ನಮ್ಮ ಟೈಲರ್‌ನ ಸೊಂಟ ನೋವಿಗೂ ಅವರ ಹೊಲಿಗೆ ಯಂತ್ರಕ್ಕೂ ಸಂಬಂಧ ಇಲ್ಲ!

ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ 80% ಸಿಗುವ ಇನ್ನೊಂದು ಸೌಲಭ್ಯ ಇದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಬೆನ್ನುಮೂಳೆಯ ಡಿಸ್ಕ್ ಜಾರಿದ್ದರೆ ಈ ಪಟ್ಟಿಯೊಳಗೆ ಬರುತ್ತಾರೆ. ಹಾಗಾಗಿ ಬರೀ 'ಬೆನ್ನು ನೋವು' ಎಂದು ಚೀಟಿ ಬರೆಸಿಕೊಂಡು ಬರುವುದಕ್ಕೂ ಸ್ಕ್ಯಾನ್ ಆಗಿ ರೋಗದ ಹೆಸರು ದಾಖಲಾಗುವುದಕ್ಕೂ ಎರಡು ವರ್ಷದ ಸಂಬಳದ ವ್ಯತ್ಯಾಸ. ಎರಡು ವರ್ಷ ಸತತ ಕೆಲಸದಲ್ಲಿದ್ದು ವಂತಿಗೆ ಕಟ್ಟಿರಬೇಕು ಎಂಬ ಷರತ್ತಿದೆ. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಹೇಳುತ್ತಿತ್ತು. ತಾವಾಗಿಯೇ ರಾಜೀನಾಮೆ ಕೊಟ್ಟರೆ ಆ ರಕ್ಷಣೆಯ ಪ್ರಶ್ನೆಯೇ ಏಳಲ್ಲ.

ಎರಡನೆಯದು ಗ್ರಾಚುಟಿ. 12,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 14ರಿಂದ ಗುಣಿಸಿದರೆ ಸುಮಾರು 96,900 ರೂಪಾಯಿ. ಐದು ವರ್ಷ ತುಂಬದೆ ಗ್ರಾಚುಟಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಸಾವು ಅಥವಾ ಅಂಗವೈಕಲ್ಯ ಆದರೆ ಆ ಐದು ವರ್ಷದ ನಿಯಮ ಇಲ್ಲ ಎಂಬುದು ಗೊತ್ತಿರುವವರು ಕಡಿಮೆ. ಮತ್ತು ಇಲ್ಲಿ 'ಅಂಗವೈಕಲ್ಯ'ದ ಅರ್ಥ ಉದಾರವಾಗಿದೆ: ಅಪಘಾತ ಅಥವಾ ಕಾಯಿಲೆಗೆ ಮುಂಚೆ ಮಾಡುತ್ತಿದ್ದ ಕೆಲಸವನ್ನು ಈಗ ಮಾಡಲಾಗದಿದ್ದರೆ ಸಾಕು. ಕಣ್ಣು ಹೋದ ಟೈಲರ್ ಬೇರೇನೋ ಮಾಡಬಲ್ಲರಲ್ಲ ಎಂದು ಈ ಕಾನೂನು ಕೇಳಲ್ಲ.

ಮೂರನೆಯದು ಪಿಂಚಣಿ, ಅಂದರೆ ಇಪಿಎಸ್ 95. ಅದು ಕೇಳುತ್ತೆ! ಅಂಗವಿಕಲ ಪಿಂಚಣಿ ಬೇಕಾದರೆ ಅಂಗವೈಕಲ್ಯ ಕಾಯಂ ಆಗಿರಬೇಕು, ಸಂಪೂರ್ಣವಾಗಿರಬೇಕು, ಉದ್ಯೋಗದಲ್ಲಿರುವಾಗಲೇ ಆಗಿರಬೇಕು. ಇದ್ದರೆ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪಿಂಚಣಿ ಸಿಗುತ್ತೆ, ಈ ಒಂದು ಅಂಶ ಒಳ್ಳೆಯದೇ. ಆದರೆ ಸವೆದ ಸೊಂಟ ಯಾವತ್ತೂ 'ಸಂಪೂರ್ಣ' ಅಲ್ಲ. ಹಾಗಾದರೆ ನಮ್ಮ ಟೈಲರ್‌ಗೆ ಉಳಿದಿರುವುದು ಮಾಮೂಲಿ ಪಿಂಚಣಿ: 12,000 ಗುಣಿಸು 14, ಭಾಗಿಸು 70. ಅಂದರೆ 2,400 ರೂಪಾಯಿ, 58 ತುಂಬಿದ ಮೇಲೆ. 50ಕ್ಕೇ ಬೇಕೆಂದರೂ ಉಂಟು, ಮುಂಚಿತವಾಗುವ ಪ್ರತಿ ವರ್ಷಕ್ಕೆ 4% ಕಡಿತ. ಎಂಟು ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಹೋಗಿ 1,700ರ ಆಸುಪಾಸಿಗೆ ಬಂದು ನಿಲ್ಲುತ್ತೆ, ಜೀವನಪೂರ್ತಿ. 48 ಮತ್ತು 50ರ ನಡುವೆ ಸೊನ್ನೆ.

ಇದೂ ಸಿಗುವುದು 10 ವರ್ಷದ ಸರ್ವಿಸ್ ಪೂರೈಸಿದವರಿಗೆ. ಗಾರ್ಮೆಂಟ್ಸ್‌ನಲ್ಲಿ ಎಷ್ಟೋ ಜನ ಐದಾರು ವರ್ಷಕ್ಕೊಮ್ಮೆ ಬಿಟ್ಟು, ಪಿಎಫ್, ಗ್ರಾಚುಟಿ, ಪಿಂಚಣಿ ಭಾಗ ಎಲ್ಲ ತೆಗೆದು, ಮಗಳ ಮದುವೆಗೋ ಸಾಲಕ್ಕೋ ಹಾಕಿ, ಪಕ್ಕದ ಫ್ಯಾಕ್ಟರಿಗೆ ಹೊಸದಾಗಿ ಸೇರಿಕೊಳ್ಳುತ್ತಾರೆ. ಪಿಂಚಣಿ ಭಾಗ ತೆಗೆದಾಗಲೆಲ್ಲ ಸರ್ವಿಸ್ ಲೆಕ್ಕ ಮತ್ತೆ ಒಂದರಿಂದ ಶುರು. ಇಪ್ಪತ್ತು ವರ್ಷ ಹೊಲಿದವರ ಪಿಂಚಣಿ ಸರ್ವಿಸ್ ನಾಲ್ಕು ವರ್ಷ ಅಂತ ಬರೋದು ಹೀಗೆ.

ನಾಲ್ಕನೆಯದು ಛಾಂಟಿ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆ ಕಾರ್ಮಿಕರನ್ನು ಛಾಂಟಿ ಮಾಡಿದರೆ ಪರಿಹಾರ ಕೊಡಬೇಕು ಅನ್ನುತ್ತಿತ್ತು. ಆದರೆ 'ನಿರಂತರ ಅನಾರೋಗ್ಯ'ದ ಕಾರಣಕ್ಕೆ ತೆಗೆದರೆ ಅದು ಛಾಂಟಿಯೇ ಅಲ್ಲ ಎಂದು ಅದರ ವ್ಯಾಖ್ಯೆಯಲ್ಲೇ ಬರೆದಿಟ್ಟಿತ್ತು. ಫ್ಯಾಕ್ಟರಿಗೆ ಆರ್ಡರ್ ಇಲ್ಲದೆ ತೆಗೆದರೆ ದುಡ್ಡು, ಫ್ಯಾಕ್ಟರಿಯಲ್ಲಿ ದುಡಿದು ಕಾಯಿಲೆ ಬಿದ್ದು ಹೋದರೆ ಇಲ್ಲ. ಇದು ದಶಕಗಳ ಕಾಲ ನಡೆದ ವ್ಯವಸ್ಥೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಇಎಸ್‌ಐ, ಗ್ರಾಚುಟಿ ಕಾಯ್ದೆಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿವೆ. ಪುಸ್ತಕ ಒಂದಾಯಿತು. ಒಂದು ಕಡೆ 'ಹಿಂದಿನ ಕೆಲಸ ಮಾಡಲಾಗದಿದ್ದರೆ ಸಾಕು', ಇನ್ನೊಂದು ಕಡೆ 'ಏನೂ ಮಾಡಲಾಗದಂತಿರಬೇಕು' ಎಂಬ ಎರಡು ಅಳತೆಗೋಲು ಹಾಗೇ ಉಳಿದಿವೆ.

ಸರ್ಕಾರಿ ಚಾಲಕ, ಖಾಸಗಿ ಚಾಲಕ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ಆ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ನಿವೃತ್ತಿವರೆಗೆ ಇಟ್ಟುಕೊಳ್ಳಬೇಕು. 1995ರ ಹಳೆ ಕಾಯ್ದೆಯಲ್ಲೂ ಇದು ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣದಲ್ಲಿ, ಅಶಕ್ತತೆಯ ಪಿಂಚಣಿ ಕೊಟ್ಟಿದ್ದೇವೆ ಎಂಬ ನೆಪಕ್ಕೆ ಈ ಹಕ್ಕು ಹೋಗಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿತು. 2025ರ ಆಗಸ್ಟ್‌ನಲ್ಲಿ ವರ್ಣಾಂಧತೆಯ ಕಾರಣಕ್ಕೆ ತೆಲಂಗಾಣ ಸಾರಿಗೆ ನಿಗಮ ಹೊರಗೆ ಕಳಿಸಿದ್ದ ಚಾಲಕರೊಬ್ಬರಿಗೂ ಬೇರೆ ಕೆಲಸ ಕೊಡಿ ಎಂದು ಆದೇಶಿಸಿತು. ಬೇರೆ ಕೆಲಸ ಇದೆಯಾ ಎಂದು ಹುಡುಕದೇ ಮನೆಗೆ ಕಳಿಸುವುದನ್ನು ಕೋರ್ಟ್ ಒಪ್ಪಲಿಲ್ಲ.

ಹಾಗಾಗಿ ಕೆಎಸ್‌ಆರ್‌ಟಿಸಿ ಚಾಲಕನ ಕಾಲು ಹೋದರೆ ಅವರ ಕೈಯಲ್ಲಿ ಒಂದು ಕಾನೂನು ಇದೆ. ಅದೇ ರಸ್ತೆಯ ಖಾಸಗಿ ಬಸ್, ಲಾರಿ, ಕ್ಯಾಬ್ ಚಾಲಕನಿಗೆ ಆ ಸೆಕ್ಷನ್ ಅನ್ವಯಿಸಲ್ಲ, ಯಾಕೆಂದರೆ ಅದರಲ್ಲಿರುವ ಪದ 'ಸರ್ಕಾರಿ ಸಂಸ್ಥೆ'. ಗುತ್ತಿಗೆ, ಆ್ಯಪ್ ಎಂದು ಕೆಲಸ ಸರಿದಷ್ಟೂ ಈ ರಕ್ಷಣೆಯ ವೃತ್ತ ಕುಗ್ಗುತ್ತಾ ಹೋಗುತ್ತೆ.

ಹೊರದಬ್ಬುವ ಕಾಯಿಲೆಯೇ ಹಿಡಿದೂ ಇಡುತ್ತೆ

ಇನ್ನೊಂದು ಮಗ್ಗುಲು ಸಾಮಾನ್ಯವಾಗಿ ಚರ್ಚೆಗೆ ಬರಲ್ಲ. ತಾವೇ ಕಾಯಿಲೆ ಬಿದ್ದವರು ಬಿಡುತ್ತಾರೆ, ಸರಿ. ಮನೆಯಲ್ಲಿ ಬೇರೆಯವರು ಬಿದ್ದರೆ? ಗಂಡನಿಗೆ ಡಯಾಲಿಸಿಸ್ ಇದೆ, ಇಎಸ್‌ಐ ಕಾರ್ಡ್ ಹೆಂಡತಿಯದು. ಅಂಥವರು ಸ್ವಂತ ಮಂಡಿ ನೋವು ನುಂಗಿಕೊಂಡು ಲೈನಿನಲ್ಲಿ ಉಳಿಯುತ್ತಾರೆ. ಅವಲಂಬಿತ ತಂದೆ ತಾಯಿಗೂ ಆ ಕಾರ್ಡ್ ನಡೆಯುತ್ತೆ. ಇನ್ನೊಂದು ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು, ನೋಡಿಕೊಳ್ಳಲು ಯಾರೂ ಇಲ್ಲ, ಕೆಲಸ ಬಿಡುವವಳು ಸೊಸೆಯೇ. ಆಕೆ ಗಟ್ಟಿಮುಟ್ಟಾಗಿದ್ದರೂ ಅದು ಆರೋಗ್ಯದ ಕಾರಣದ ನಿವೃತ್ತಿಯೇ, ಆರೋಗ್ಯ ಬೇರೆಯವರದ್ದು ಅಷ್ಟೆ. ಪತ್ರದಲ್ಲಿ ಇದೂ 'ವೈಯಕ್ತಿಕ'.

ಪ್ಯಾರಿಸ್‌ನಲ್ಲೂ ಇದೇ ಜಗಳ

2023ರಲ್ಲಿ ಫ್ರಾನ್ಸ್ ಸರ್ಕಾರ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನು ತಂದಾಗ ಲಕ್ಷಾಂತರ ಜನ ಬೀದಿಗೆ ಬಂದರು. ಎರಡು ವರ್ಷಕ್ಕೆ ಇಷ್ಟು ಗಲಾಟೆಯಾ ಎಂದು ನಮ್ಮಲ್ಲಿ ನಕ್ಕವರುಂಟು. ಅಲ್ಲಿನ ಹಿನ್ನೆಲೆ ತಿಳಿದರೆ ನಗು ಬರಲ್ಲ. ದೇಹ ಸವೆಸುವ ಕೆಲಸ ಮಾಡುವವರಿಗೆ ಅಂಕ ಕೊಟ್ಟು, ಆ ಅಂಕ ಕೂಡಿಸಿ ಬೇಗ ನಿವೃತ್ತರಾಗಲು ಬಿಡುವ ಪದ್ಧತಿಯನ್ನು ಅಲ್ಲಿ 2014ರ ಕಾನೂನು ತಂದಿತ್ತು. ಹತ್ತು ಬಗೆಯ ಅಪಾಯಗಳು ಪಟ್ಟಿಯಲ್ಲಿದ್ದವು. ಅಳೆಯುವುದು ಕಷ್ಟ ಎಂದು ಮಾಲೀಕರು ಗೊಣಗಿದರು, ಮ್ಯಾಕ್ರನ್ ಸರ್ಕಾರ 2017ರಲ್ಲಿ ನಾಲ್ಕನ್ನು ಅಂಕದ ಲೆಕ್ಕದಿಂದ ತೆಗೆಯಿತು. ಯಾವ ನಾಲ್ಕು? ಭಾರ ಎತ್ತುವುದು, ಮೈ ಬಾಗಿಸಿ ಮಾಡುವ ಕೆಲಸ, ಯಂತ್ರದ ಕಂಪನ, ರಾಸಾಯನಿಕ. ನಮ್ಮ ಹಮಾಲಿ, ಟೈಲರ್, ಬಸ್ ಚಾಲಕ, ಡೈಯಿಂಗ್ ಘಟಕದ ಕಾರ್ಮಿಕ!

ಆ ಪದ್ಧತಿ ಕುಂಟುತ್ತಿರಬಹುದು, ಆದರೆ ಅದರ ಹಿಂದೆ ಒಂದು ಒಪ್ಪಿಗೆ ಇದೆ: ಎಲ್ಲರ 58 ಒಂದೇ ಅಲ್ಲ. ನಮ್ಮಲ್ಲಿ ಪಿಂಚಣಿಯ ಚರ್ಚೆ ಬಂದಾಗಲೆಲ್ಲ ಅದು ಕನಿಷ್ಠ ಮೊತ್ತದ ಸುತ್ತಲೇ ಸುತ್ತುತ್ತೆ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿ ಏರಿಸಿ ಎಂಬ ಬೇಡಿಕೆ ನ್ಯಾಯವಾದದ್ದೇ. ಅದರ ಜೊತೆಗೆ ವಯಸ್ಸಿನ ಪ್ರಶ್ನೆಯನ್ನೂ, ಔದ್ಯೋಗಿಕ ಕಾಯಿಲೆಗಳ ಪಟ್ಟಿಯ ಪ್ರಶ್ನೆಯನ್ನೂ ಎತ್ತುವವರು ಬೇಕು. ಸೊಂಟ ನೋವು ಆ ಪಟ್ಟಿಗೆ ಸೇರಿದ ದಿನ ಟಾರ್ಗೆಟ್ ಇಡುವವರಿಗೂ ಅದರ ಖರ್ಚು ತಟ್ಟುತ್ತೆ. ಅಲ್ಲಿವರೆಗೆ ಖರ್ಚೆಲ್ಲ ಟೈಲರ್ ಮನೆಯದ್ದೇ.

ಬಿಟ್ಟ ಮೇಲೆ

ಕೆಲಸ ಬಿಟ್ಟವರು ಸುಮ್ಮನೆ ಕೂರಲ್ಲ. ಮದ್ದೂರು, ರಾಮನಗರ, ಕುಣಿಗಲ್ ಕಡೆಯವರು ಊರಿಗೆ ಹೋಗುತ್ತಾರೆ, ನಗರದಲ್ಲಿ ಉಳಿದವರು ಮನೆಗೆಲಸ, ಹೂ ಕಟ್ಟೋದು, ಫಾಲ್ಸ್ ಹೊಲಿಯೋದು ಹಿಡಿಯುತ್ತಾರೆ. ಅದೇ ಸೊಂಟ, ಇನ್ನೂ ಕಡಿಮೆ ಕೂಲಿ, ಇಎಸ್‌ಐ ಇಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಸಿಗಬೇಕಾದರೆ 65 ತುಂಬಬೇಕು. 48ಕ್ಕೆ ಬಿಟ್ಟವರಿಗೆ ಇನ್ನೂ 17 ವರ್ಷ. ನಡುವೆ ಕೈಹಿಡಿಯೋದು ಗೃಹಲಕ್ಷ್ಮಿಯ 2,000, ಅದು ಹದಿನಾಲ್ಕು ವರ್ಷದ ದುಡಿಮೆಯಿಂದ 50ಕ್ಕೆ ಸಿಗುವ ಪಿಂಚಣಿಗಿಂತ ಜಾಸ್ತಿ. ಬಿಟ್ಟಿ ಭಾಗ್ಯ ಎಂದು ಆಡಿಕೊಳ್ಳುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ನಿಮ್ಮ ಅಮ್ಮನೋ ಚಿಕ್ಕಪ್ಪನೋ ಇಂಥ ಪತ್ರಕ್ಕೆ ಸಹಿ ಹಾಕುವ ಹಂತದಲ್ಲಿದ್ದರೆ ಒಂದು ವಿಷಯ ಗಮನಿಸಿ. ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ವಯೋನಿವೃತ್ತಿ, ಸ್ವಯಂ ನಿವೃತ್ತಿ ಅಥವಾ ಅವಧಿಪೂರ್ವ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ–ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತೆ ಎಂಬ ನಿಯಮ ಇದೆ. ಅದಕ್ಕೆ ಬೇಕಾದ ಪದ ನಿವೃತ್ತಿ. ಪತ್ರದಲ್ಲಿ 'ರಾಜೀನಾಮೆ, ವೈಯಕ್ತಿಕ ಕಾರಣ' ಎಂದಿದ್ದರೆ ಕೌಂಟರ್‌ನಲ್ಲಿ ಕೂತವರು ಅರ್ಜಿಯನ್ನು ಹಿಂದಕ್ಕೆ ತಳ್ಳಬಹುದು. ಆದ್ದರಿಂದ ವೈದ್ಯರ ದಾಖಲೆ ಕೈಗೆ ಬಂದ ಮೇಲೆ, 'ಅನಾರೋಗ್ಯದ ಕಾರಣ ಅವಧಿಪೂರ್ವ ನಿವೃತ್ತಿ' ಎಂದೇ ಬರೆಸಿ. ಒಂದು ಪ್ರತಿಯ ಮೇಲೆ ಎಚ್‌ಆರ್ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.